ಹೊಸ್ತಿಲ ಬಳಿಯ ತಾಮ್ರದ ಚೆಂಬು

ನನ್ನ ಭಾವ ಸ್ತಾಮೆನ್ ಕಲೂದೊವ್ ಹದಿನೆಂಟು ತುಂಬುವವರೆಗೆ ಸಮುದ್ರವನ್ನೇ ನೋಡಿರಲಿಲ್ಲ. ಬೆಟ್ಟದ ಮೇಲಿನ ಹಳ್ಳಿಯಲ್ಲಿ ಹೊಗೆಸೊಪ್ಪು ಬೆಳೆಯುವವರ ಮಗ. ಬಂದರು ಪಟ್ಟಣ ವಾರ್ನಾಕ್ಕೆ ಬಂದು ನೌಕಾಪಡೆಯ ಶಾಲೆ ಸೇರಿದ್ದೇ ತಡ, ಹುಟ್ಟಿದ್ದೇ ಹಡಗಿನಲ್ಲಿ ಎನ್ನುವ ಹಾಗೆ ಆಡತೊಡಗಿದರು. ಹೊಸದಾಗಿ ಮತ ಸೇರಿದವರಿಗೆ ಭಕ್ತಿ ಜಾಸ್ತಿಯಲ್ಲವೇ, ಹಾಗೆ. ಅವರನ್ನು ನನ್ನ ಅಕ್ಕ ರುಸಾನಾ ಮದುವೆಯಾದಳು. ಬಿಳಿ ಸಮವಸ್ತ್ರ ನೋಡಿ ಮರುಳಾದಳು ಎಂದು ನಾನು ಇವತ್ತಿಗೂ ಹೇಳುತ್ತೇನೆ.

ಭಾವ ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ, ಬೇರೆ ಹೆಂಗಸಿನ ಗೊಡವೆಯೂ ಇರಲಿಲ್ಲ. ಹೀಗಾಗಿ ಅಕ್ಕನಿಗೆ ದೂರು ಹೇಳಲು ಬಾಯಿಯೇ ಇರಲಿಲ್ಲ. ಆರೇಳು ವಾರ ಸಮುದ್ರದಲ್ಲಿದ್ದು ಮನೆಗೆ ಬಂದರೆ ಮೊದಲು ಟವೆಲ್‌ಗಳ ಮಡಿಕೆ ನೋಡುವರು, ಆಮೇಲೆ ಬಾಗಿಲ ಬಳಿಯ ಚಪ್ಪಲಿಗಳ ಸಾಲು. ಮಗಳು ಬಿಲ್ಯಾನಾಗೆ ಮೂರು ವರ್ಷವಾಗಿದ್ದಾಗ ಬಾಗಿಲು ತೆಗೆದು, "ಅಮ್ಮಾ, ನೌಕಾಪಡೆಯವ್ರು ಬಂದಿದಾರೆ!" ಎಂದು ಕೂಗಿದ್ದಳು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಕ್ಕ ಮಾತ್ರ ಅಡುಗೆಮನೆಗೆ ಹೋಗಿ ಒಲೆಯ ಮೇಲಿನ ಬೇಳೆಸಾರನ್ನು ಸುಮ್ಮನೆ ತಿರುವುತ್ತ ನಿಂತಳು.

ಭಾವ ಹೊರಡುವ ಪ್ರತಿ ದಿನವೂ ಅಕ್ಕ ನಮ್ಮಜ್ಜಿಯ ತಾಮ್ರದ ಚೆಂಬಿನಲ್ಲಿ ನೀರು ತಂದು ಹೊಸ್ತಿಲಾಚೆ ಚೆಲ್ಲುತ್ತಿದ್ದಳು. ನೀರು ಹರಿದ ಹಾಗೆ ಹೋದ ಕೆಲಸ ಸಲೀಸಾಗಲಿ, ಹೋದವರು ಸುಖವಾಗಿ ಮರಳಲಿ ಎಂದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಭಾವ ಕಮ್ಯುನಿಸ್ಟ್ ಪಕ್ಷದ ಸದಸ್ಯರು, ಇಂಥದ್ದನ್ನೆಲ್ಲ ನಂಬುವಂತಿಲ್ಲ.

"ಮೂರನೇ ಮಹಡೀಲೂ ನಿನ್ನ ಹಳ್ಳಿ ಬಿಡ್ಲಿಲ್ವಲ್ಲ ರುಸಾನಾ" ಎನ್ನುವರು. ಹೇಳುತ್ತಲೇ ಬಲಗಾಲನ್ನು ಸರಿಯಾಗಿ ನೀರಿನ ಮೇಲಿಡುವರು. ಒಮ್ಮೆಯೂ ತಪ್ಪಿಸಲಿಲ್ಲ.

ಇಪ್ಪತ್ತಮೂರು ವರ್ಷ ಹೀಗೇ ನಡೆಯಿತು. ಬಿಲ್ಯಾನಾ ಓದಲು ಸೋಫಿಯಾಕ್ಕೆ ಹೋದಳು. ಅದೇ ಚಳಿಗಾಲದಲ್ಲಿ ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ಗೊತ್ತಾಯಿತು. ಆಪರೇಷನ್‌ಗೆ ಗುರುವಾರ ಎಂದು ನಿಗದಿಯಾಯಿತು. ಜೀವಮಾನದಲ್ಲಿ ಮೊದಲ ಸಲ ಅಕ್ಕ ಗಂಡನನ್ನು ಒಂದು ಮಾತು ಕೇಳಿದಳು. ಅವತ್ತು ಅವರ ಮನೆಯಲ್ಲಿ ನಾನು ದೊಣ್ಣೆಮೆಣಸಿನಕಾಯಿಗೆ ಅನ್ನ ತುಂಬುತ್ತ ಕೂತಿದ್ದೆ.

"ಒಂದೇ ವಾರ ರಜ ಹಾಕ್ತೀರಾ? ಕಣ್ಣು ಬಿಟ್ಟಾಗ ನೀವು ಪಕ್ಕದಲ್ಲಿದ್ರೆ ಸಾಕು."

"ಬುಧವಾರ ಹಡಗಿನ ತಪಾಸಣೆ ಇದೆ, ಅದಾದ್ಮೇಲೆ ಸಮುದ್ರದಲ್ಲಿ ಕವಾಯತು. ಈ ಸಲ ನನಗೆ ಬಡ್ತಿ ಸಿಗಬೇಕು. ಮುಗಿದ ಕೂಡ್ಲೇ ಬರ್ತೀನಿ."

"ಗಡ್ಡೆಗೂ ಹೇಳಿಬಿಡಿ ಭಾವ, ತಪಾಸಣೆ ಮುಗಿಯೋವರೆಗೂ ಸುಮ್ನಿರು ಅಂತ" ಎಂದೆ ನಾನು.

"ಸೆವ್ದಾ, ಬಾಯ್ಮುಚ್ಚು" ಎಂದದ್ದು ಅಕ್ಕ, ಭಾವ ಅಲ್ಲ. ಆಗ ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ.

ಬುಧವಾರ ಬೆಳಿಗ್ಗೆ ನೂಲಿನ ಗಿರಣಿಯಲ್ಲಿ ನನ್ನ ಪಾಳಿ ಮುಗಿಯುವುದು ಏಳಕ್ಕೆ. ಓಡೋಡಿ ಬಂದರೂ ಮನೆ ಖಾಲಿ. ಭಾವ ಆಗಲೇ ಅಕ್ಕನನ್ನು ಆಸ್ಪತ್ರೆಗೆ ಬಿಟ್ಟು ಬಂದರಿಗೆ ಹೋಗಿದ್ದರು. ನನ್ನ ಬಳಿಯಿದ್ದ ಕೀಲಿಯಿಂದ ಬಾಗಿಲು ತೆಗೆದೆ. ಹೊಸ್ತಿಲ ಒಳಗೆ ತಾಮ್ರದ ಚೆಂಬು ಇತ್ತು, ಕಂಠದವರೆಗೂ ನೀರು. ಹೊರಗೆ ಮೆಟ್ಟಿಲು ಒಣಗಿತ್ತು. ಅಕ್ಕ ತಾನೇ ತುಂಬಿಸಿಟ್ಟಿದ್ದಾಳೆ. ಹೋಗುವವರು ತಾವೇ ಚೆಲ್ಲಿಕೊಳ್ಳುವಂತಿಲ್ಲ, ಉಳಿಯುವವರು ಚೆಲ್ಲಬೇಕು. ಗಂಡ ಬಗ್ಗಿ ಎತ್ತಿಕೊಂಡು ತನಗಾಗಿ ಚೆಲ್ಲಿಯಾರು ಎಂದು ಕಾದಿದ್ದಾಳೆ.

ಆಸ್ಪತ್ರೆಯಲ್ಲಿ ಅಕ್ಕನನ್ನು ಕೇಳಿದೆ. "ಪಾಪ, ಅವ್ರಿಗೆ ಹೊತ್ತಾಗ್ತಿತ್ತು ಕಣೆ. ಗಡಿಯಾರ ನೋಡ್ಕೊಂಡು ಚೀಲ ಎತ್ಕೊಂಡು ಇಳಿದೇಬಿಟ್ರು" ಎಂದಳು. ಅವಳ ಆ "ಪಾಪ" ನನ್ನನ್ನು ಇವತ್ತಿಗೂ ಸುಡುತ್ತದೆ.

ನೀರು ಚೆಲ್ಲದ್ದಕ್ಕೇ ಅಕ್ಕ ಸತ್ತಳು ಎನ್ನುವಷ್ಟು ದಡ್ಡಿ ನಾನಲ್ಲ. ಗಡ್ಡೆ ಬೇರೂರಿತ್ತು, ವೈದ್ಯರು ತೆರೆದು, ನೋಡಿ, ಹೊಲಿದು ಮುಚ್ಚಿದರು. ಒಂಬತ್ತನೆಯ ದಿನ ಹೋದಳು. ಕೊನೆಯವರೆಗೂ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದಳು. ಭಾವ ಕವಾಯತಿನಲ್ಲಿದ್ದರು. ಮರುದಿನ ಬಂದಿಳಿದಾಗ ಅವರ ತೋಳಿನ ಮೇಲೆ ಬಡ್ತಿಯ ಹೊಸ ಪಟ್ಟಿ ಇತ್ತು.

ಶವವನ್ನು ಮನೆಗೆ ತಂದಿಟ್ಟೆವು. ಪೆಟ್ಟಿಗೆ ಹೊರಲು ನೌಕಾನೆಲೆಯಿಂದ ಆರು ನಾವಿಕರನ್ನು ಕಳಿಸಿದ್ದರು, ಬಿಳಿ ಕೈಗವಸು, ಕನ್ನಡಿಯಂಥ ಬೂಟು. ಅವರು ಪೆಟ್ಟಿಗೆಯನ್ನು ಹೆಗಲಿಗೇರಿಸಿ ಬಾಗಿಲಿಗೆ ಬರುವಷ್ಟರಲ್ಲಿ ಭಾವ ಜನರನ್ನು ಸರಿಸಿಕೊಂಡು ಮುಂದೆ ಬಂದರು. ಕೈಯಲ್ಲಿ ತಾಮ್ರದ ಚೆಂಬು. ಯಾರಾದರೂ ತಡೆಯುವ ಮೊದಲೇ ಇಡೀ ಚೆಂಬನ್ನು ಮೆಟ್ಟಿಲ ಮೇಲೆ ಸುರಿದುಬಿಟ್ಟರು.

"ಅಯ್ಯಯ್ಯೋ, ಹೆಣದ ಮುಂದೆ ನೀರು ಚೆಲ್ತಾರೇನಪ್ಪಾ! ವಾಪಸ್ ಬರೋರಿಗಲ್ವಾ ಚೆಲ್ಲೋದು!" ಎಂದು ಪಕ್ಕದ ಮನೆಯ ತಾನಾ ಅಜ್ಜಿ ಎದೆ ಬಡಿದುಕೊಂಡಳು.

ಮುಂದಿದ್ದ ನಾವಿಕನ ಬೂಟು ಜಾರಿತು. ಪೆಟ್ಟಿಗೆ ಒಂದು ಕಡೆಗೆ ವಾಲಿ ಹೂಗಳೆಲ್ಲ ಕೆಳಗಿನ ಮಹಡಿಗೆ ಉದುರಿದವು. ಭಾವ ಹೆಗಲು ಕೊಟ್ಟು ತಡೆದರು. ಏದುಸಿರು ಬಿಡುತ್ತ ನನ್ನನ್ನು ನೋಡಿದರು.

"ಸೆವ್ದಾ, ಅವಳು ಪ್ರತಿ ಸಲ ಚೆಲ್ತಿದ್ಲು. ನಾನು ಪ್ರತಿ ಸಲ ವಾಪಸ್ ಬಂದೆ."

"ಅವಳು ವಾಪಸ್ ಬರೋ ಹಾಗಿದ್ದಾಗ ಚೆಲ್ಲಬೇಕಿತ್ತು ಭಾವ" ಎಂದೆ. ಇಷ್ಟು ಜನರ ಮುಂದೆ ಅನ್ನಬಾರದಿತ್ತು ಎಂದು ಆಮೇಲೆ ಹಲವರು ಹೇಳಿದರು. ನನಗೇನೂ ಪಶ್ಚಾತ್ತಾಪವಿಲ್ಲ.

ಬಿಲ್ಯಾನಾ ನೆಲ ಒರೆಸುವ ಬಟ್ಟೆ ತಂದು ಮೊಣಕಾಲೂರಿ ಒಂದೊಂದೇ ಮೆಟ್ಟಿಲು ಒರೆಸತೊಡಗಿದಳು. ನೀರು ಎರಡನೇ ಮಹಡಿಯವರೆಗೂ ಇಳಿದಿತ್ತು. ನಾವಿಕರು ಪೆಟ್ಟಿಗೆ ಹೊತ್ತು ನಿಂತೇ ಇದ್ದರು. ಕೆಳಗೆ ಶವ ಒಯ್ಯುವ ವಾಹನದ ಇಂಜಿನ್ ಸದ್ದು ಮಾಡುತ್ತಿತ್ತು. ಭಾವನ ಕೈ ಅಭ್ಯಾಸಬಲದಿಂದ ಮೇಲೆದ್ದಿತು, ಅವರು ಗಡಿಯಾರ ನೋಡಿಕೊಂಡರು.

ಬಿಲ್ಯಾನಾ ತಲೆ ಎತ್ತದೆಯೇ ಹೇಳಿದಳು: "ಸ್ವಲ್ಪ ಕಾಯಿರಿ ಅಪ್ಪ. ಅಮ್ಮ ಇಪ್ಪತ್ಮೂರು ವರ್ಷ ಕಾದಿದಾಳೆ."

ಭಾವ ಗಡಿಯಾರದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತರು.