ಹದಿನಾಲ್ಕು ಸೆಕೆಂಡು ಎಲ್ಲಿ ಹೋಯಿತು?

ಬೆಳಗಿನ ಐದೂಮುಕ್ಕಾಲು. ಡೇಟನ್ ನಗರದ ಪಶ್ಚಿಮ ಅಂಚಿನ ರೆಕಾರ್ಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯವರು ಕೈಗವಸು ಬಿಚ್ಚುತ್ತಿದ್ದಾರೆ. ಉಸ್ಸೆಂದು ಉಗಿ ಬಿಡುವ ಅಚ್ಚುಯಂತ್ರಗಳ ಸಾಲು ದಾಟಿದರೆ ಒಂದು ಗಾಜಿನ ಕೋಣೆ. ಅಲ್ಲಿ ಅರ್ನೆಟಾ ಪಗ್ ಕೋಟು ಕಳಚಿ ಮೊಳೆಗೆ ಸಿಕ್ಕಿಸುತ್ತಾರೆ, ಕಿವಿಯೋಲೆ ಬಿಚ್ಚಿ ಬಟ್ಟಲಲ್ಲಿ ಹಾಕುತ್ತಾರೆ. ಬಿಸಿ ಆರದ ಕಪ್ಪು ರೆಕಾರ್ಡೊಂದನ್ನು ಅಂಗೈಗಳ ನಡುವೆ ಹಿಡಿದು ದೀಪದ ಕೆಳಗೆ ಓರೆ ಮಾಡಿ ನೋಡುತ್ತಾರೆ. ಆಮೇಲೆ ಹೆಡ್‌ಫೋನು ಏರಿಸಿ ಮುಳ್ಳು ಇಳಿಸುತ್ತಾರೆ. ಮುಂದಿನ ಇಪ್ಪತ್ತು ನಿಮಿಷ ಅವರನ್ನು ಯಾರೂ ಮಾತಾಡಿಸುವಂತಿಲ್ಲ.

ಅರ್ನೆಟಾ ಅವರಿಗೆ ಅರವತ್ತಾರು ವರ್ಷ. ಕೇಳುವುದೇ ಕೆಲಸ. ಕಾರ್ಖಾನೆ ದಿನಕ್ಕೆ ನಾಲ್ಕು ಸಾವಿರ ರೆಕಾರ್ಡು ಒತ್ತುತ್ತದೆ. ಪ್ರತಿ ಐನೂರಕ್ಕೆ ಒಂದು ಇವರ ಮೇಜಿಗೆ ಬರುತ್ತದೆ. ದಿನಕ್ಕೆ ಎಂಟು ರೆಕಾರ್ಡು, ಹದಿನಾರು ಮುಖ, ಮೊದಲಿನಿಂದ ಕೊನೆಯವರೆಗೆ. ಚಟ್ ಎಂದರೆ, ಗೀರು ಕೇಳಿಸಿದರೆ ಕೆಂಪು ಚೀಟಿ. ಚೀಟಿ ಹೊರಬಿದ್ದರೆ ಆ ಯಂತ್ರ ನಿಲ್ಲಲೇಬೇಕು.

"ಚೆನ್ನಾಗಿದೆಯಾ ಇಲ್ಲವಾ ಅಂತ ನಾನು ಕೇಳಲ್ಲ. ನಡುವೆ ಕಲ್ಲು ಸಿಗುತ್ತಾ ಅಂತ ಕೇಳ್ತೀನಿ. ಅನ್ನ ಉಣ್ಣೋವಾಗ ಹಲ್ಲಿಗೆ ಗೊತ್ತಾಗುತ್ತಲ್ಲ, ಹಾಗೆ" ಎನ್ನುತ್ತಾರೆ.

ಈ ಕೆಲಸಕ್ಕೆ ಅವರು ಸೇರಿದ್ದು ಇಪ್ಪತ್ತೈದನೆಯ ವಯಸ್ಸಿನಲ್ಲಿ. ಸಿ.ಡಿ. ಬಂದು ರೆಕಾರ್ಡು ಮೂಲೆಗುಂಪಾದಾಗ ಕಾರ್ಖಾನೆಗೆ ಬೀಗ ಬಿತ್ತು. ಗಂಡ ವೆಂಡೆಲ್ ದುಡಿಯುತ್ತಿದ್ದ ಎರಕದ ಕಾರ್ಖಾನೆಯೂ ಎರಡು ವರ್ಷದಲ್ಲಿ ಮುಚ್ಚಿತು. ಅರ್ನೆಟಾ ಹದಿನೇಳು ವರ್ಷ ಆಸ್ಪತ್ರೆಯೊಂದರ ಹಾಸಿಗೆ ಬಟ್ಟೆ ಒಗೆದರು. ಆ ಯಂತ್ರಗಳ ಅಬ್ಬರಕ್ಕೆ ಎಡಗಿವಿ ಮಂದವಾಯಿತು. ಜನಕ್ಕೆ ಮತ್ತೆ ರೆಕಾರ್ಡಿನ ಹುಚ್ಚು ಹತ್ತಿ ಕಾರ್ಖಾನೆಯ ಬಾಗಿಲು ತೆರೆದಾಗ ಹಳಬರ ಪೈಕಿ ಇವರಿಗೆ ಕರೆ ಬಂತು. ವೆಂಡೆಲ್ ಆ ಹೊತ್ತಿಗೆ ಇರಲಿಲ್ಲ. "ಎಡಗಿವಿ ಹೋಗಿದೆ ಅಂತ ಮೊದಲೇ ಹೇಳಿದೆ. ಬಲಗಿವಿ ಸಾಕು ಬಾ ಅಂದ್ರು."

ಆ ಬಲಗಿವಿಯ ಪರೀಕ್ಷೆ ನಡೆದದ್ದು ಕಳೆದ ಶರತ್ಕಾಲದಲ್ಲಿ, ಕ್ರಚ್‌ಫೀಲ್ಡ್ ಕುಟುಂಬದ ರೆಕಾರ್ಡು ಅಚ್ಚಿಗೆ ಬಂದಾಗ.

ನಾಲ್ವರು ಅಣ್ಣತಮ್ಮಂದಿರು, ಎದುರಿಗೆ ನಿಂತು ಹಾಡುವ ಅಕ್ಕ ಒಡೆಸ್ಸಾ. ಅಪ್ಪನ ಕಾರು ಶೆಡ್ಡಿನಲ್ಲಿ ಅಭ್ಯಾಸ ಮಾಡಿ ಬೆಳೆದವರು. ೧೯೭೪ರಲ್ಲಿ ಬಂದ ಅವರ 'ಬಾಗಿಲು ತೆಗೆದೇ ಇದೆ' ಎಂಬ ರೆಕಾರ್ಡು ಇಲ್ಲದ ಮನೆ ಪಶ್ಚಿಮ ಡೇಟನ್ನಿನಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಒಂದು ಮುಖದಲ್ಲಿ ಮೈ ಕುಣಿಸುವ ಫಂಕ್, ಇನ್ನೊಂದರಲ್ಲಿ ಎದೆಗಿಳಿಯುವ ಸೋಲ್. ಶನಿವಾರ ಬೆಳಿಗ್ಗೆ ಅರ್ನೆಟಾ ಅವರ ತಾಯಿ ಅದನ್ನು ಹಾಕಿದರೆಂದರೆ ಮಕ್ಕಳೆಲ್ಲ ಕಸಬರಿಗೆ ಹಿಡಿಯಬೇಕು ಎಂದೇ ಅರ್ಥ. ಐವತ್ತು ವರ್ಷ ಕಳೆದ ಮೇಲೆ ಬೇರೆ ಊರಿನ ಕಂಪನಿಯೊಂದು ಅದನ್ನು ಮತ್ತೆ ಹೊರತರಲು ಹೊರಟಿತ್ತು.

ಅರ್ನೆಟಾ ಹೆಡ್‌ಫೋನಿನೊಳಗೆ ಸಣ್ಣಗೆ ದನಿಗೂಡಿಸಿದರು. ಮೂರನೆಯ ಹಾಡು ಬಂತು. ಹದಿನೈದನೆಯ ವಯಸ್ಸಿನಿಂದ ಸಲೀಸಾಗಿ ಸಿಗುತ್ತಿದ್ದ ಸ್ವರ ಎಟುಕಲಿಲ್ಲ. "ವಯಸ್ಸಾಯ್ತು ಅಂದ್ಕೊಂಡೆ. ಆದರೂ ಅನುಮಾನ." ಮನೆಗೆ ಹೋಗಿ ತಾಯಿಯ ಹಳೆಯ ರೆಕಾರ್ಡು ಹಾಕಿ ಗಡಿಯಾರ ಹಿಡಿದರು. ಅದೇ ಹಾಡು ನಾಲ್ಕು ನಿಮಿಷ ಹನ್ನೆರಡು ಸೆಕೆಂಡು. ಹೊಸದರಲ್ಲಿ ಮೂರು ನಿಮಿಷ ಐವತ್ತೆಂಟು. ಪದವೊಂದೂ ಬಿಟ್ಟುಹೋಗಿರಲಿಲ್ಲ. ಹಾಡಿಗೆ ಹಾಡೇ ವೇಗವಾಗಿ ಓಡುತ್ತಿತ್ತು, ಅದರಿಂದ ಸ್ವರವೂ ಮೇಲೇರಿತ್ತು.

ಮರುದಿನ ಅವರು ಕೆಂಪು ಚೀಟಿ ಬರೆದರು. ಪಾಳಿಯ ಮೇಲ್ವಿಚಾರಕ ರಸ್ ಕೆಲ್ಲರ್, ಅವರಿಗಿಂತ ಮೂವತ್ತು ವರ್ಷ ಚಿಕ್ಕವನು, ಚೀಟಿ ಹಿಡಿದು ಬಂದ.

"ಮಿಸ್ ಅರ್ನೆಟಾ, ಗೀರು ಇದ್ಯಾ?"

"ಇಲ್ಲ."

"ಚಟಪಟ?"

"ಇಲ್ಲ. ಒಡೆಸ್ಸಾ ಓಡ್ತಿದಾಳೆ."

"ಫಂಕ್ ಅಂದ್ಮೇಲೆ ಓಡಲ್ವಾ?"

"ಓಡಲ್ಲ ಕಂದ, ತಾಳದ ಹಿಂದಕ್ಕೆ ಒರಗುತ್ತೆ. ಅಷ್ಟೂ ಗೊತ್ತಿಲ್ದೆ ಇದನ್ನ ಒತ್ತಿ ಮಾರ್ತಿದೀಯಾ?"

ರಸ್ ಕಂಪನಿಗೆ ಬರೆದ. ಮಾದರಿಯನ್ನು ಕೇಳಿ ಒಪ್ಪಿಯಾಗಿದೆ, ಮುಂದುವರಿಸಿ ಎಂದು ಉತ್ತರ ಬಂತು. ಯಂತ್ರ ಮತ್ತೆ ಶುರುವಾಯಿತು. ಸಂಜೆಯೊಳಗೆ ಸಾವಿರದೆಂಟುನೂರು ರೆಕಾರ್ಡು ಡಬ್ಬಿ ಸೇರಿದವು. ಅರ್ನೆಟಾ ಎರಡನೆಯ ಚೀಟಿ ಬರೆದರು. ರಸ್ ಸಿಟ್ಟಾಗಲಿಲ್ಲ, ಸೋತವನಂತೆ ಹೇಳಿದ: "ಶುಕ್ರವಾರ ಸಂಜೆ, ಯಂತ್ರ ಹೇಗೂ ನಿಲ್ಲುತ್ತೆ. ಸೋಮವಾರಾನೂ ಇದೇ ಹಟ ಹಿಡಿದ್ರೆ ಮೇಲಿನವರು ನಿಮ್ಮನ್ನ ಪ್ಯಾಕಿಂಗಿಗೆ ಹಾಕ್ತಾರೆ. ನನ್ನ ಕೈಲಿ ಇಲ್ಲ."

ಪ್ಯಾಕಿಂಗ್ ಎಂದರೆ ಎಂಟು ಗಂಟೆ ನಿಂತೇ ಇರಬೇಕು. ಕಿವಿಗೆ ಅಲ್ಲಿ ಕೆಲಸವಿಲ್ಲ.

ಹಾಡಿದ ಆ ಕುಟುಂಬದಲ್ಲಿ ಬದುಕುಳಿದವರು ಒಬ್ಬರೇ, ಬಾಸ್ ಗಿಟಾರ್ ನುಡಿಸುತ್ತಿದ್ದ ಲಾನೀ ಕ್ರಚ್‌ಫೀಲ್ಡ್. ಎಪ್ಪತ್ತಾರು ವರ್ಷದ ಅವರು ಈಗ ಚರ್ಚಿನ ಹಿರಿಯರು. ಅರ್ನೆಟಾ ಅವರನ್ನು ದೂರದಿಂದ ನೋಡಿದ್ದರೇ ಹೊರತು ಮಾತಾಡಿಸಿರಲಿಲ್ಲ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಹಳೆಯದು, ಹೊಸದು ಎರಡೂ ರೆಕಾರ್ಡು ಚೀಲದಲ್ಲಿಟ್ಟುಕೊಂಡು ಅವರ ಮನೆಯ ಬಾಗಿಲು ತಟ್ಟಿದರು. ಊಟಕ್ಕೆ ಕೂತಿದ್ದ ಲಾನೀ ಕೋಳಿ ತುಂಡು ಕೈಯಲ್ಲಿ ಹಿಡಿದೇ ಎದ್ದು ಬಂದರು.

"ಯಾರಮ್ಮಾ?"

"ರೆಕಾರ್ಡ್ ಕಾರ್ಖಾನೆಯವಳು. ನಿಮ್ಮಕ್ಕನ ವಿಷಯ ಮಾತಾಡ್ಬೇಕಿತ್ತು, ಬ್ರದರ್."

"ಅವಳು ಹೋಗಿ ಒಂಬತ್ತು ವರ್ಷ ಆಯ್ತಲ್ಲ."

"ಗೊತ್ತು. ಅದಕ್ಕೇ ಬಂದೆ. ಅವರೇ ಇದ್ದಿದ್ರೆ ಅವರೇ ಬೈತಿದ್ರು."

ಕಂಪನಿ ಲಾನೀ ಅವರಿಗೂ ಒಂದು ಮಾದರಿ ಕಳಿಸಿತ್ತು. ಅದು ಲಕೋಟೆಯಿಂದ ಹೊರಬಂದೇ ಇರಲಿಲ್ಲ. ಅಕ್ಕ ತೀರಿಕೊಂಡ ಮೇಲೆ ಅವರು ಆ ಹಾಡುಗಳನ್ನು ಕೇಳುವುದನ್ನೇ ಬಿಟ್ಟಿದ್ದರು. ಅರ್ನೆಟಾ ಒತ್ತಾಯಿಸಲಿಲ್ಲ, ಕಾದರು. ಅರ್ಧ ಗಂಟೆ ಬೇಕಾಯಿತು. ಕೊನೆಗೆ ಲಾನೀ ಕೈ ತೊಳೆದು ಬಂದು ಹಳೆಯ ಗಿಟಾರು ತೊಡೆಗೇರಿಸಿದರು. ಹೊಸ ರೆಕಾರ್ಡು ತಿರುಗಿತು. ಸಂಧಿವಾತದ ಬೆರಳುಗಳು ತಾವಾಗಿಯೇ ಹಳೆಯ ಜಾಗಕ್ಕೆ ಹೋದವು. ಸ್ವರ ಕೂಡಲಿಲ್ಲ, ಜಗಳಕ್ಕೆ ನಿಂತಿತು. ಅವರು ಬೆರಳನ್ನು ಗಿಟಾರಿನ ಒಂದು ಮೆಟ್ಟಿಲು ಮೇಲಕ್ಕೆ ಸರಿಸಿ ಮೀಟಿದರು. ಕೂಡಿತು.

ಲಾನೀ ಮುಳ್ಳು ಎತ್ತಿ, ಕನ್ನಡಕ ಒರೆಸಿಕೊಂಡರು. "ನಮ್ಮಕ್ಕ ಶಾಲೆಗೆ ತಡವಾಗಿ ಹೋದವಳು. ತನ್ನ ಮದುವೆಗೇ ತಡವಾಗಿ ಬಂದವಳು. ಯಾರಿಗೋಸ್ಕರಾನೂ ಓಡಿದವಳಲ್ಲ. ಇವರು ಯಾರು ಅವಳನ್ನ ಓಡಿಸೋಕೆ?"

ಸೋಮವಾರ ಬೆಳಿಗ್ಗೆ ಅವರು ಕಂಪನಿಗೆ ಫೋನು ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಕಾರ್ಖಾನೆಗೆ ಸುದ್ದಿ ಬಂತು: ನಿಲ್ಲಿಸಿ. ಅಚ್ಚು ತಯಾರಿಸುವಾಗ ಮೂಲ ಟೇಪನ್ನು ಓಡಿಸಿದ ಯಂತ್ರದ ವೇಗವೇ ತಪ್ಪಾಗಿತ್ತು. ಒತ್ತಿದ್ದ ರೆಕಾರ್ಡುಗಳನ್ನೆಲ್ಲ ನಡುವಿನ ಕಾಗದದ ಲೇಬಲ್ಲು ಕತ್ತರಿಸಿ ತೆಗೆದು ಪುಡಿ ಮಾಡಿದರು. ಹೊಸ ಅಚ್ಚು ಬರಲು ಮೂರು ವಾರ ಹಿಡಿಯಿತು. ಮೊದಲ ಪ್ರತಿ ಬಂದ ದಿನ ಲಾನೀ ಗಾಜಿನ ಕೋಣೆಯಲ್ಲಿ ಇನ್ನೊಂದು ಹೆಡ್‌ಫೋನು ಹಾಕಿಕೊಂಡು ಕೂತರು. ಮೂರನೆಯ ಹಾಡು ಮುಗಿದಾಗ ಇನ್ನೊಮ್ಮೆ ಹಾಕಿ ಎಂದು ಬೆರಳಿನಲ್ಲಿ ಸನ್ನೆ ಮಾಡಿದರು.

ರೆಕಾರ್ಡಿನ ಹೊದಿಕೆ ಮೊದಲೇ ಮುದ್ರಣವಾಗಿತ್ತು. ಅದರಲ್ಲಿ ಅರ್ನೆಟಾ ಪಗ್ ಎಂಬ ಹೆಸರು ಎಲ್ಲೂ ಇಲ್ಲ. ಹಾಕಿಸೋಣ ಎಂದು ಲಾನೀ ಹೊರಟಾಗ ಇವರೇ ಬೇಡವೆಂದರು. "ನಾನೇನು ಹಾಡಿದ್ನಾ, ಬಾರಿಸಿದ್ನಾ? ಅಂಗಡಿಯಿಂದ ತಂದವರು ಮನೇಲಿ ಹಾಕಿದಾಗ ಏನೂ ಗೊತ್ತಾಗಬಾರದು. ಅಷ್ಟೇ ನನ್ನ ಕೆಲಸ."

ಹಾಗಾದರೆ ಕಾರ್ಖಾನೆಯಿಂದ ಏನಾದರೂ ಬೇಕೆ? ಈ ಪ್ರಶ್ನೆಗೆ ಅವರು ತಡಮಾಡದೆ ಉತ್ತರಿಸುತ್ತಾರೆ.

"ಒಂದು ಕುರ್ಚಿ. ಇದು ಕಿರ್ ಅನ್ನುತ್ತೆ. ಹೋದ ವಾರ ಕುರ್ಚಿ ಸದ್ದಿಗೆ ಒಳ್ಳೇ ರೆಕಾರ್ಡಿಗೆ ಕೆಂಪು ಚೀಟಿ ಬರೆದುಬಿಟ್ಟೆ. ಸದ್ದು ಮಾಡದ ಕುರ್ಚಿ ಕೊಟ್ರೆ ಇನ್ನೂ ನಾಲ್ಕು ವರ್ಷ ಕೂತು ಕೇಳ್ತೀನಿ."