ಕೆಂಪು ಗುಂಡಿನ ಜಾಯ್‌ಸ್ಟಿಕ್

ಚನ್ನಪಟ್ಟಣದ ನಮ್ಮ ಬೀದಿಗೆ ಆಗೆಲ್ಲ ಬೆಳಗಾಗುತ್ತಿದ್ದದ್ದೇ ಲೇತ್‌ಗಳ ಗುಂಯ್ ಸದ್ದಿನಿಂದ. ಮನೆ ಮುಂದಿನ ತಗಡಿನ ಚಪ್ಪರದಡಿ ಕೂತು ಅಪ್ಪ ಗೊಂಬೆ ಕಡೆಯುತ್ತಿದ್ದರು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ಅದು ಬಿಸಿಗೆ ಕರಗಿ ಬರುವ ವಾಸನೆ ನಮ್ಮ ಬಟ್ಟೆಗೆ, ಹಾಸಿಗೆಗೆ, ಬೆಳಗಿನ ಉಪ್ಪಿಟ್ಟಿಗೂ ಹತ್ತಿರುತ್ತಿತ್ತು. ನನಗೆ ಹನ್ನೊಂದು ವರ್ಷ.

ಬೀದಿಯ ಕೊನೆಯಲ್ಲಿ ಚಿಕ್ಕಪ್ಪನ ಮನೆ. ಮೊದಲು ಅವರೂ ಅಪ್ಪನ ಜೊತೆ ಗೊಂಬೆ ಮಾಡುತ್ತಿದ್ದವರೇ. ಬಿಡದಿ ಕಡೆ ಕಾರ್ಖಾನೆಗಳೆದ್ದ ಮೇಲೆ ಅಲ್ಲೊಂದರಲ್ಲಿ ಕೆಲಸ ಸಿಕ್ಕಿ, ಬೂದು ಬಣ್ಣದ ಯೂನಿಫಾರಂ ತೊಟ್ಟು ಓಡಾಡತೊಡಗಿದ್ದರು. ಆ ಬೇಸಿಗೆ ರಜೆಗೆ ಮಗ ಗಿರೀಶನಿಗೆ ಟಿ.ವಿ.ಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ತಂದುಕೊಟ್ಟರು. ಗಿರೀಶ ನನಗಿಂತ ಎರಡು ವರ್ಷ ದೊಡ್ಡವನು. ಬೀದಿಯ ಮಕ್ಕಳೆಲ್ಲ ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿಕೊಂಡು ಮಧ್ಯಾಹ್ನವಿಡೀ ಅವರ ಮನೆಯಲ್ಲೇ.

ಇಬ್ಬರು ಪೈಲ್ವಾನರು ಗುದ್ದಾಡುವ ಆಟ. ಆಡಲು ವೈರಿನ ಎರಡು ರಿಮೋಟು, ಅವುಗಳಲ್ಲಿ ಒಂದರ ಗುಂಡಿ ಗಟ್ಟಿಯಾಗಿ ಒತ್ತಿದರೂ ಹತ್ತರಲ್ಲಿ ನಾಲ್ಕು ಸಲವಷ್ಟೇ ಕೆಲಸ ಮಾಡುತ್ತಿತ್ತು. ಅದು ಯಾವಾಗಲೂ ನನ್ನ ಪಾಲಿಗೆ. ನಾನು ಸೋತಾಗಲೆಲ್ಲ ಗಿರೀಶ ಎಲ್ಲರನ್ನೂ ಕರೆದು ತೋರಿಸಿ ನಗುತ್ತಿದ್ದ. ಒಂದು ದಿನ ಆ ಕೆಟ್ಟ ರಿಮೋಟಿನಲ್ಲೇ ಅವನ ಪೈಲ್ವಾನನನ್ನು ಕೆಡವಿಬಿಟ್ಟೆ. ಗಿರೀಶ ಎದ್ದವನೇ ನನ್ನ ಕೈಯಿಂದ ರಿಮೋಟನ್ನು ಕಿತ್ತು ನೆಲಕ್ಕೆ ಅಪ್ಪಳಿಸಿದ. ಒಳಗಿನಿಂದ ಚಿಕ್ಕಮ್ಮ ಓಡಿಬಂದರೆ, ನನ್ನತ್ತ ಬೆರಳು ತೋರಿಸಿ ಇವಳೇ ಒಡೆದದ್ದು ಎಂದ. ಉಳಿದ ಮಕ್ಕಳು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನಾಳೆಯಿಂದ ಅವರಿಗೆ ಆಟವಿಲ್ಲ.

ಸಂಜೆ ಚಿಕ್ಕಪ್ಪ ಕೆಲಸದಿಂದ ಬಂದವರೇ ಅಪ್ಪನನ್ನು ಕರೆಸಿದರು. ಮೈಮೇಲಿನ ಮರದ ಹೊಟ್ಟನ್ನೂ ಕೊಡವದೆ ಬಂದು ನಿಂತ ಅಣ್ಣನಿಗೆ ಚಿಕ್ಕಪ್ಪ ಹೇಳಿದ ಮಾತು ಇದು: "ತಪ್ಪು ನಂದೇ ಕಣಣ್ಣ. ಗೊಂಬೆ ಉಜ್ಜೋರ್ ಮನೆ ಮಕ್ಳ ಕೈಗೆ ಇಂಥ ಸಾಮಾನು ಕೊಡಬಾರ್ದಿತ್ತು."

ಅಪ್ಪ ಮನೆಯತ್ತ ತಿರುಗಿದರು. ತಿಪ್ಪೆಗೆ ಎಸೆದಿದ್ದ ಮುರುಕು ರಿಮೋಟನ್ನು ನಾನು ಲಂಗದಲ್ಲಿ ಸುತ್ತಿಕೊಂಡು ಅವರ ಹಿಂದೆ ನಡೆದೆ. ಮನೆ ಬಾಗಿಲಲ್ಲಿ ಅಪ್ಪ ನಿಂತರು.

"ನೀನೇ ಒಡ್ದ್ಯಾ?"

"ಇಲ್ಲಪ್ಪ. ಅವ್ನೇ ಕುಕ್ಕಿದ್ದು."

"ಸರಿ, ಅದನ್ನ ಇತ್ಲಾಗ್ ಕೊಡು," ಎಂದರು.

ಅದನ್ನು ಸರಿಮಾಡಿ ಕೊಡುವುದು ಅವರ ಯೋಚನೆ. ನನಗೆ ಬೇಕಾಗಿದ್ದದ್ದು ರಿಮೋಟಲ್ಲ. ಬಸ್‌ಸ್ಟ್ಯಾಂಡ್ ಹತ್ತಿರದ ಗೇಮಿನಂಗಡಿಯ ಬಾಗಿಲಲ್ಲಿ ನಿಂತು ನಾನು ಒಂದು ದೊಡ್ಡ ಮಿಷನ್ ನೋಡಿದ್ದೆ. ಅದಕ್ಕೆ ತಲೆಯಲ್ಲಿ ಗುಂಡಿರುವ ಕೋಲಿತ್ತು, ಜಾಯ್‌ಸ್ಟಿಕ್ ಅನ್ನುತ್ತಿದ್ದರು, ಹುಡುಗರು ಅದನ್ನು ಮುಷ್ಟಿಯಲ್ಲಿ ಹಿಡಿದು ಆಡುತ್ತಿದ್ದರು. ಅಂಥದ್ದೇ ಬೇಕೆಂದೆ. ಅಪ್ಪ ಹಾಲೆಮರದಲ್ಲಿ ಕೋಲು ಕಡೆದು, ನಿಂಬೆಹಣ್ಣಿನ ಗಾತ್ರದ ಗುಂಡು ಮಾಡಿ, ಕೆಂಪು ಅರಗು ಹಿಡಿಸಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಟ್ಟರು. ಮಾರುವ ಗೊಂಬೆಗೂ ಅವರು ಅಷ್ಟು ಹೊತ್ತು ಉಜ್ಜಿದ್ದನ್ನು ನಾನು ಕಂಡಿರಲಿಲ್ಲ.

ಹಲಗೆಯ ಪೆಟ್ಟಿಗೆ ಮಾಡಿ ಕೋಲನ್ನು ನಡುವೆ ನಿಲ್ಲಿಸಿದೆವು. ಕೋಲಿನ ಕೆಳತುದಿಗೊಂದು ಮೊಳೆ, ಅದರ ಸುತ್ತ ನಾಲ್ಕು ದಿಕ್ಕಿಗೆ ಡಬ್ಬದ ತಗಡಿನ ಪಟ್ಟಿಗಳು. ಕೋಲು ವಾಲಿದಾಗ ಮೊಳೆ ಒಂದು ಪಟ್ಟಿಗೆ ತಾಗಬೇಕು, ಬಿಟ್ಟರೆ ಮತ್ತೆ ನೆಟ್ಟಗಾಗಬೇಕು. ಅದಕ್ಕೆ ಸೈಕಲ್ ಟ್ಯೂಬಿನ ರಬ್ಬರ್ ಕಟ್ಟಿದೆವು. ಗುದ್ದುವುದಕ್ಕೆ, ಒದೆಯುವುದಕ್ಕೆ ಕಾಲಿಂಗ್ ಬೆಲ್ಲಿನ ಎರಡು ಸ್ವಿಚ್ಚು. ಮುರುಕು ರಿಮೋಟಿನೊಳಗಿನ ಹಸಿರು ಸರ್ಕ್ಯೂಟ್ ಹಲಗೆಗೆ ಇವುಗಳ ವೈರುಗಳನ್ನು ಬೆಸೆಯಲು ರೇಡಿಯೋ ರಿಪೇರಿಯ ಅಕ್ರಂ ಭಾಯಿ ಕಲಿಸಿಕೊಟ್ಟರು. ಕಾದ ಬೆಸುಗೆ ಕಡ್ಡಿ ತಾಗಿ ನನ್ನ ಹೆಬ್ಬೆರಳಲ್ಲಿ ಎರಡು ಸಲ ಬೊಬ್ಬೆ ಎದ್ದಿತು. ಮೊದಲು ಮೇಲಕ್ಕೆ ತಳ್ಳಿದರೆ ಪೈಲ್ವಾನ ಬಲಕ್ಕೆ ಓಡುತ್ತಿದ್ದ. ಪಟ್ಟಿಗಳನ್ನು ಮೂರು ಸಲ ಬಿಚ್ಚಿ ಬಗ್ಗಿಸಿದೆವು. ಅಂಗಡಿಗೆ ರಿಪೇರಿಗೆ ಬಂದಿದ್ದ ಒಂದು ಗೇಮಿನಲ್ಲಿ, ಅಕ್ರಂ ಭಾಯಿ ಊಟಕ್ಕೆ ಹೋದಾಗಲೆಲ್ಲ, ನಾನು ಗಿರೀಶನ ಮುಖ ನೆನೆಸಿಕೊಂಡು ಗುದ್ದಿದೆ. ಹಾಗೆ ಎರಡು ವಾರ.

ಪೆಟ್ಟಿಗೆ ಹೊತ್ತು ಗಿರೀಶನ ಮನೆಗೆ ಹೋಗಲು ಭಾನುವಾರವನ್ನೇ ಆರಿಸಿಕೊಂಡೆ. ಚಿಕ್ಕಪ್ಪನಿಗೆ ಅಂದು ರಜೆ. ಜೊತೆ ಕೆಲಸದವರಿಬ್ಬರು ಬಂದಿದ್ದರು. ತಟ್ಟೆ ಇಡ್ಲಿ ತಿನ್ನುತ್ತ ಕೂತಿದ್ದರು. ನನ್ನ ಪೆಟ್ಟಿಗೆ ನೋಡಿ ಗಿರೀಶ ನಕ್ಕ. ಎಲ್ಲರೂ ನೋಡುತ್ತಿದ್ದರಿಂದ ಅವನಿಗೆ ಆಡುವುದಿಲ್ಲ ಅನ್ನಲಾಗಲಿಲ್ಲ.

ಮೊದಲ ಆಟ ನಿಮಿಷದೊಳಗೆ ಮುಗಿಯಿತು. ಎರಡನೆಯದೂ. ನಾಲ್ಕನೆಯದೂ ಸೋತ ಮೇಲೆ ಗಿರೀಶ, ನನ್ನ ಕೋಲಿನಲ್ಲೇ ಏನೋ ಮೋಸವಿದೆ ಎಂದ. ಕೊಟ್ಟೆ. ಅವನ ರಿಮೋಟು ಹಿಡಿದು ಅದರಲ್ಲೂ ಸೋಲಿಸಿದೆ. ಅವನ ಕಿವಿ ಕೆಂಪಾಗಿತ್ತು. ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ.

"ಅವತ್ತು ಒಡ್ದಿದ್ ಯಾರು ಅಂತ ನಿಮ್ಮಪ್ಪಂಗೆ ಹೇಳು. ಹೇಳೋಗಂಟ ಆಡ್ತಾನೇ ಇರ್ತೀನಿ."

ಮತ್ತೆರಡು ಆಟ ಆಡಿಸಿದೆ. ಕೊನೆಗೆ ಗಿರೀಶ ನನ್ನ ಕೈಯಲ್ಲಿದ್ದ ರಿಮೋಟಿನತ್ತಲೇ ನೋಡುತ್ತ, "ನಾನೇ," ಎಂದು ಅತ್ತ. ಚಿಕ್ಕಪ್ಪ ಕೈತೊಳೆಯದೆಯೇ ಎದ್ದು ಅವನ ಕೆನ್ನೆಗೆ ಬಾರಿಸಿದರು. ನನಗೆ ಹೊಟ್ಟೆ ತುಂಬ ಉಂಡಷ್ಟು ತೃಪ್ತಿಯಾಯಿತು. ಪೆಟ್ಟಿಗೆ ಇಲ್ಲೇ ಇರಲಿ, ಮಕ್ಕಳು ಆಡಿಕೊಳ್ಳಲಿ ಎಂದು ಚಿಕ್ಕಮ್ಮ ಮೆತ್ತಗೆ ಹೇಳಿದರು. ವೈರು ಕಿತ್ತುಕೊಂಡು ಮನೆಗೆ ಬಂದೆ.

ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಉಳಿಯನ್ನು ಕೆಳಗಿಟ್ಟು ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಅವರಪ್ಪ ಏನಂದ?" ಏನೂ ಅನ್ನಲಿಲ್ಲ ಎಂದೆ. ಅಪ್ಪ ಮತ್ತೆ ಲೇತ್ ಚಾಲೂ ಮಾಡಿದರು. ಆ ಮಧ್ಯಾಹ್ನವೆಲ್ಲ ಅವರು ಏನೋ ಗುನುಗುತ್ತಿದ್ದರು.

ಗಿರೀಶ ಮತ್ತೆಂದೂ ನನ್ನ ಪಕ್ಕ ಕೂತು ಆಡಲಿಲ್ಲ. ಮುಂದಿನ ಯುಗಾದಿಗೆ ಚಿಕ್ಕಮ್ಮನ ಮನೆಯಿಂದ ಒಬ್ಬಟ್ಟು ಬರಲಿಲ್ಲ, ನಾವೂ ಕಳಿಸಲಿಲ್ಲ. ಆಮೇಲೆ ಬೀದಿಯ ಲೇತ್‌ಗಳು ಒಂದೊಂದಾಗಿ ನಿಂತವು. ಅಪ್ಪನೂ ಈಗಿಲ್ಲ. ಮದುವೆ ಮುಂಜಿಗಳಲ್ಲಿ ಗಿರೀಶ ಸಿಕ್ಕರೆ ಮಕ್ಕಳ ಓದಿನ ಬಗ್ಗೆ ಮಾತಾಡಿ ಬೇರೆ ಬೇರೆ ಪಂಕ್ತಿಗಳಲ್ಲಿ ಊಟಕ್ಕೆ ಕೂರುತ್ತೇವೆ. ಅವನನ್ನು ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ, ಆ ಭಾನುವಾರ ನೆನೆದರೆ ಈಗಲೂ ಖುಷಿಯಾಗುತ್ತದೆ. ಅದಾದ ಮೇಲೆ ನನ್ನನ್ನು ಅವಮಾನಿಸಿದವರು ಬಹಳ ಮಂದಿ. ಯಾರಿಗೂ ನಾನು ತಿರುಗಿ ಏನೂ ಮಾಡಲಿಲ್ಲ, ಮರೆತೇಬಿಟ್ಟೆ. ಎರಡು ವಾರ ಕೂತು, ಕೈ ಸುಟ್ಟುಕೊಂಡು ಸೇಡು ತೀರಿಸಿಕೊಳ್ಳುವಷ್ಟು ಹತ್ತಿರದವರು ಅವರಲ್ಲಿ ಒಬ್ಬರೂ ಇರಲಿಲ್ಲ.