ಬೇಸ್ ಬಿಡದ ವನಜಾಕ್ಷಿ

ಶೆಟ್ಟಿಹಳ್ಳಿಯಲ್ಲಿ ವನಜಾಕ್ಷಿ ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ ಹಾಕಿಕೊಂಡು ಬ್ಲೌಸ್ ಹೊಲಿಯುತ್ತಾಳೆ. ಅಳತೆ ಕೊಡಲು ಬಂದ ಹೆಂಗಸರು ಮೂಲೆಯಲ್ಲಿ ಒರಗಿಸಿಟ್ಟ ಉದ್ದ ಕುತ್ತಿಗೆಯ ಗಿಟಾರನ್ನು ನೋಡಿ, ಮಗಂದಾ ಎಂದು ಕೇಳುವುದುಂಟು. ನಂದೇ, ಅದು ಬೇಸ್ ಗಿಟಾರು ಎನ್ನುತ್ತಾಳೆ, ಬಾಯಲ್ಲಿ ಕಚ್ಚಿಕೊಂಡ ಪಿನ್ನು ತೆಗೆಯದೆ. ಮಾತು ಅಲ್ಲಿಗೆ ಮುಗಿಯುತ್ತದೆ.

ನಾಗಭೂಷಣ್ ಅವರ ಆರ್ಕೆಸ್ಟ್ರಾ ತಂಡಕ್ಕೆ ಅವಳು ಸೇರಿದ್ದು ಕೋರಸ್ ಹಾಡುವುದಕ್ಕೆ. ಮದುವೆಗಿನ್ನೂ ಮುಂಚೆ. ಹಿಂದಿನ ಸಾಲಿನಲ್ಲಿ ನಿಂತು ಆ ಊ ಎನ್ನುವುದಷ್ಟೇ ಕೆಲಸವಾದ್ದರಿಂದ, ಪಕ್ಕದಲ್ಲಿ ಹಾಡಿನ ತಳದ ದಪ್ಪ ಸ್ವರ ಹಿಡಿಯುವ ಬೇಸ್ ನುಡಿಸುತ್ತಿದ್ದವನ ಬೆರಳುಗಳನ್ನೇ ನೋಡುತ್ತಿದ್ದಳು. ಅವನು ಒಂದು ರಿಸೆಪ್ಷನ್ನಿಗೆ ಹೇಳದೆ ಕೇಳದೆ ಕೈಕೊಟ್ಟ ಸಂಜೆ, ನಾನು ನುಡಿಸ್ತೀನಿ ಎಂದು ತಂಡದ ವ್ಯಾನಿನಲ್ಲೇ ಉಳಿದಿದ್ದ ಅವನ ಗಿಟಾರನ್ನು ಹೆಗಲಿಗೆ ಹಾಕಿಕೊಂಡಳು. ಅರ್ಧ ತಪ್ಪಿತು, ಅರ್ಧ ನಿಂತಿತು. ಆಮೇಲೆ ಅವನು ಮೈಸೂರಿಗೆ ಹೋಗಿ ನೆಲೆಯಾದಾಗ ಆ ಗಿಟಾರನ್ನೇ ಕೊಂಡುಕೊಂಡಳು. ಸೀರೆ ಉಟ್ಟು ಅಷ್ಟು ಭಾರದ್ದನ್ನು ನೇತುಹಾಕಿಕೊಳ್ಳುತ್ತೀಯಲ್ಲ ಎಂದು ನೆಂಟರು ಆಡಿಕೊಂಡರು. ಗಂಡ ತಿಮ್ಮರಾಜು ಮಾತ್ರ ಲಗೇಜ್ ಆಟೋ ಓಡಿಸಿ ದಣಿದು ಬಂದರೂ, ಅವಳು ಮನೆಯಲ್ಲಿ ಅಭ್ಯಾಸ ಮಾಡುವಾಗ ಟೀವಿ ಸೌಂಡು ತಗ್ಗಿಸುತ್ತಿದ್ದ.

ಮೊನ್ನೆಯ ದಸರಾ ಕಳೆದ ಮೇಲೆ ಗುಬ್ಬಿಯ ಒಂದು ಕಲ್ಯಾಣ ಮಂಟಪದಲ್ಲಿ ಕಾರ್ಯಕ್ರಮವಿತ್ತು. ಎರಡನೇ ಹಾಡಿನ ಮಧ್ಯೆ ಬೇಸ್ ಕೆಮ್ಮಿದಂತಾಯಿತು. ವಾಲ್ಯೂಮ್ ತಿರುಗಿಸಿದರೆ ಕರಕರ ಸದ್ದು. ಸ್ವಲ್ಪ ಹೊತ್ತು ಬಂದು, ಸ್ವಲ್ಪ ಹೊತ್ತು ಮಾಯವಾಗಿ, ಕೊನೆಗೆ ಪೂರ್ತಿ ಸತ್ತೇಹೋಯಿತು. ನಾಗಭೂಷಣ್ ಸ್ಟೇಜಿನ ಪಕ್ಕದಿಂದಲೇ ಕೀಬೋರ್ಡ್ ನುಡಿಸುವ ಚನ್ನೇಶನಿಗೆ ಸನ್ನೆ ಮಾಡಿದರು. ಅವನು ಎಡಗೈಯಲ್ಲಿ ಬೇಸ್ ಸ್ವರಗಳನ್ನೂ ನುಡಿಸಿ ಕಾರ್ಯಕ್ರಮ ದಡ ಮುಟ್ಟಿಸಿದ. ವನಜಾಕ್ಷಿ ಸದ್ದಿಲ್ಲದ ತಂತಿಗಳ ಮೇಲೆ ಬೆರಳಾಡಿಸುತ್ತ ಕೊನೆಯವರೆಗೂ ನಿಂತೇ ಇದ್ದಳು.

ವ್ಯಾನಿನಲ್ಲಿ ವಾಪಸು ಬರುವಾಗ ನಾಗಭೂಷಣ್ ಮೆತ್ತಗೆ ವಿಷಯಕ್ಕೆ ಬಂದರು. ಅವರು ಕೆಟ್ಟವರಲ್ಲ, ಒರಟಾಗಿ ಮಾತಾಡುವವರೂ ಅಲ್ಲ. ಚನ್ನೇಶ ನುಡಿಸಿದ್ದು ಚೆನ್ನಾಗಿಯೇ ಇತ್ತು, ಜನಕ್ಕೆ ವ್ಯತ್ಯಾಸವೇ ಗೊತ್ತಾಗಲಿಲ್ಲ ಎಂದರು. ಹೇಗೂ ದನಿ ಇದೆ, ಮತ್ತೆ ಕೋರಸ್‌ಗೆ ಬಂದುಬಿಡಿ ಎಂದರು.

"ಗಿಟಾರು ಕೆಟ್ಟೈತೆ ಸಾರ್, ನಾನು ಕೆಟ್ಟಿಲ್ಲ," ಅಂದಳು ವನಜಾಕ್ಷಿ. "ರಾಜ್ಯೋತ್ಸವಕ್ಕೆ ಕುಣಿಗಲ್‌ಗೆ ಇದನ್ನೇ ತಗೊಂಡ್ ಬರ್ತೀನಿ."

ಹಾಗೆ ಹೇಳಿದ ಮೇಲೆ ಮಾತು ಉಳಿಸಿಕೊಳ್ಳಬೇಕಲ್ಲ. ಮಾರನೆಯ ದಿನ ಹೊಲಿಗೆ ಬದಿಗಿಟ್ಟು ಕೂತಳು. ಕೇಬಲ್ ಬದಲಿಸಿದಳು, ಸದ್ದು ಬರಲಿಲ್ಲ. ಪಕ್ಕದ ಮನೆಯ ಹುಡುಗಿ ಅನುಪಮಾಳ ಗಿಟಾರು ತಂದು ತನ್ನ ಆಂಪ್ಲಿಫೈಯರಿಗೆ ಸಿಕ್ಕಿಸಿದರೆ ಅದು ಠಣ್ ಎಂದು ನುಡಿಯಿತು. ಅಂದರೆ ರೋಗ ಬೇಸ್‌ನ ಹೊಟ್ಟೆಯೊಳಗೇ ಇದೆ ಎಂದಾಯಿತು. ಪೇಟೆಯ ಮ್ಯೂಸಿಕ್ ಅಂಗಡಿಗೆ ಒಯ್ದಳು. ಅಂಗಡಿಯವನು ಹಿಂದುಮುಂದು ನೋಡಿ, ಇದಕ್ಕೆಲ್ಲ ಸ್ಪೇರ್ ಸಿಗಲ್ಲ ಮೇಡಂ, ಹೊಸದು ತಗೊಳ್ಳಿ ಎಂದ. ಬಿಚ್ಚಿಯೂ ನೋಡಲಿಲ್ಲ. ಅದೇ ಅವಳನ್ನು ಕೆರಳಿಸಿದ್ದು.

ಮನೆಗೆ ಬಂದವಳೇ ಮಿಷನ್ನಿನ ಸ್ಕ್ರೂಡ್ರೈವರ್ ತೆಗೆದುಕೊಂಡು ಹಿಂದಿನ ಮುಚ್ಚಳ ಬಿಚ್ಚಿದಳು. ಇಷ್ಟು ವರ್ಷ ಎದೆಗವಚಿಕೊಂಡಿದ್ದರೂ, ಬ್ಯಾಟರಿ ಹಾಕುವುದನ್ನೂ ತಂಡದವರಿಗೇ ಬಿಟ್ಟು, ಒಳಗೇನಿದೆ ಎಂದು ನೋಡಿರಲೇ ಇಲ್ಲ. ಚೌಕದ ಬ್ಯಾಟರಿಯೊಂದು ಸೋರಿ, ಅದರ ಪಕ್ಕದ ಪುಟ್ಟ ಸರ್ಕ್ಯೂಟ್ ಬೋರ್ಡಿನ ಮೇಲೆಲ್ಲ ಹಸಿರು ಕಿಲುಬು ಹಿಡಿದಿತ್ತು. ಬೆರಳು ತಾಗಿಸಿದರೆ ಒಂದು ವೈರು ಹಾಗೇ ಕಳಚಿ ಬಂತು. ಅವಳಿಗೆ ಮುಚ್ಚಳವನ್ನು ಮತ್ತೆ ಹಾಕಿಬಿಡೋಣ ಅನ್ನಿಸಿತು. ಹಾಕಲಿಲ್ಲ.

ಗುಬ್ಬಿಯಲ್ಲಿ ಪುಟ್ಟರಂಗಯ್ಯ ಎಂಬ ರಿಪೇರಿಯವರಿದ್ದರು. ಹಾಗಲವಾಡಿಯ ಅವಳ ತವರುಮನೆಯ ರೇಡಿಯೋ ಕೆಟ್ಟಾಗಲೆಲ್ಲ ಅಪ್ಪ ಅವರಲ್ಲಿಗೇ ಒಯ್ಯುತ್ತಿದ್ದರು. ಈಗ ರೇಡಿಯೋ ಹೋಗಿ ಮಿಕ್ಸಿ, ಟೇಬಲ್ ಫ್ಯಾನು ಬರುತ್ತಿದ್ದವು. ಬಸ್ಸಿನಲ್ಲಿ ಗಿಟಾರನ್ನು ತೊಡೆಯ ಮೇಲೆ ಮಗುವಿನಂತೆ ಮಲಗಿಸಿಕೊಂಡು ಹೋದಳು. ಪುಟ್ಟರಂಗಯ್ಯ ಕನ್ನಡಕ ಏರಿಸಿ ಒಳಗೆ ಇಣುಕಿ, ಇಂಥದ್ದನ್ನು ಜನ್ಮದಲ್ಲಿ ಮುಟ್ಟಿಲ್ಲ ಎಂದು ಒಪ್ಪಿಕೊಂಡರು.

"ನಾನೂ ಮುಟ್ಟಿಲ್ಲ ಮಾವ," ಅಂದಳು. "ಇಬ್ರೂ ಸೇರಿ ಮುಟ್ಟಾನ."

ಅವರು ಮೀಟರಿನ ಕಡ್ಡಿಗಳನ್ನು ಪಿಕಪ್‌ಗಳ ವೈರಿಗೆ ಹಿಡಿದರು. ಪಿಕಪ್ ಎಂದರೆ ತಂತಿಯ ಕೆಳಗೆ ಕೂತು ಅದರ ನಡುಕವನ್ನು ಹಿಡಿದು ಕಳಿಸುವ ಕಾಯಿಲ್. ಮುಳ್ಳು ಆಡಿತು. ಕಾಯಿಲ್ ಬದುಕಿದೆ, ಸತ್ತಿರುವುದು ಬೋರ್ಡು ಮಾತ್ರ ಎಂದರು. ಅಂಥ ಬೋರ್ಡು ಸಿಗದಿದ್ದರೆ ಬೋರ್ಡೇ ಬೇಡ, ಬ್ಯಾಟರಿ, ಬೋರ್ಡು ಎರಡನ್ನೂ ಕಿತ್ತು ಪಿಕಪ್‌ನಿಂದ ವಾಲ್ಯೂಮ್ ಕಂಟ್ರೋಲಿಗೆ, ಅಲ್ಲಿಂದ ಸೀದಾ ಹೊರಗೆ ವೈರು ಎಳೆಯಬಹುದಲ್ಲವೇ ಎಂದು ವನಜಾಕ್ಷಿ ಕೇಳಿದಳು. ಯಾಕಾಗಬಾರದು ಎಂದು ಪುಟ್ಟರಂಗಯ್ಯ ಬೆಸುಗೆ ಕಡ್ಡಿ ಕಾಯಲಿಟ್ಟರು.

ಮೊದಲ ಸಲ ಹಳೆಯ ವಾಲ್ಯೂಮ್ ಕಂಟ್ರೋಲುಗಳನ್ನೇ ಉಳಿಸಿಕೊಂಡು ಬೆಸೆದರು. ಅಂಗಡಿಯ ಹಳೆಯ ಆಂಪ್ಲಿಫೈಯರಿಗೆ ಸಿಕ್ಕಿಸಿದರೆ ಸದ್ದು ಬಂತು, ಆದರೆ ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗೆ. ಇದು ನನ್ನ ಬೇಸ್ ಅಲ್ಲ ಎಂದಳು. ನುಡೀತೈತಲ್ಲ, ಸಾಕು ಬುಡವ್ವ ಎಂದು ಅವರು ಎದ್ದರೆ ಇವಳು ಏಳಲಿಲ್ಲ. ಅವರೂ ಗೊಣಗುತ್ತ ಮತ್ತೆ ಕೂತರು. ಬೋರ್ಡಿನ ಜೊತೆ ಇರುತ್ತಿದ್ದ ಕಂಟ್ರೋಲು ಅದಕ್ಕೇ ಸರಿ, ಬರೀ ಕಾಯಿಲ್‌ಗೆ ಇದು ಕರೆಂಟಿಗೆ ಒಡ್ಡುವ ತಡೆ ಸಾಲದು, ಅರ್ಧ ಸದ್ದು ಇಲ್ಲೇ ಸೋರಿಹೋಗುತ್ತಿದೆ ಎಂದು ಆಮೇಲೆ ಪುಟ್ಟರಂಗಯ್ಯನವರಿಗೆ ಹೊಳೆಯಿತು. ಅಟ್ಟದ ಡಬ್ಬಿ ಇಳಿಸಿ, ಹಳೆಯ ವಾಲ್ವ್ ರೇಡಿಯೋಗಳಿಗೆಂದು ತಂದು ಬಳಸದೇ ಉಳಿದಿದ್ದ ದೊಡ್ಡ ತಡೆಯ ಕಂಟ್ರೋಲುಗಳನ್ನು ತೆಗೆದರು. ಅವುಗಳ ಕಡ್ಡಿ ದಪ್ಪ. ಗಿಟಾರಿನ ಮರದ ತೂತನ್ನು ದೊಡ್ಡದು ಮಾಡಬೇಕಿತ್ತು. ಅರ ಹಿಡಿದು ತೂತು ಉಜ್ಜಿದವಳು ವನಜಾಕ್ಷಿಯೇ.

ಈಗ ಸ್ವರ ಬಿಡಿಸಿಕೊಂಡು ಬಂತು, ಜೊತೆಗೆ ಗುಂಯ್ ಎಂಬ ಸದ್ದೂ ಬಂತು. ಅರ್ಥಿಂಗ್ ತಪ್ಪಿದೆ, ಆದರೆ ಎಲ್ಲಿ ಎಂದು ಪುಟ್ಟರಂಗಯ್ಯ ತಡಕಾಡಿದರು. ಅವಳು ಕಣ್ಣು ಮುಚ್ಚಿ ಕೇಳುತ್ತ ಕೈಯಾಡಿಸಿದಳು. ಕೇಬಲ್ ಸಿಕ್ಕಿಸುವ ಲೋಹದ ಬಾಯನ್ನು ಮುಟ್ಟಿದರೆ ಸದ್ದು ಅಡಗುತ್ತಿತ್ತು, ತಂತಿ ಮುಟ್ಟಿದರೆ ಅಡಗುತ್ತಿರಲಿಲ್ಲ. ಮುಂಚೆ ತಂತಿ ಮುಟ್ಟಿದರೂ ಅಡಗುತ್ತಿತ್ತು ಎಂಬುದು ಅವಳ ಬೆರಳಿಗೆ ನೆನಪಿತ್ತು. ಹಾಗಾದರೆ ತಂತಿಗಳಿಗೂ ಅರ್ಥಿಗೂ ನಂಟು ಕಡಿದಿದೆ. ಟಾರ್ಚ್ ಬಿಟ್ಟು ನೋಡಿದರೆ, ತಂತಿ ಕಟ್ಟಿದ ಲೋಹದ ಪಟ್ಟಿಯಿಂದ ಬಂದ ತೆಳ್ಳನೆಯ ಕಪ್ಪು ವೈರೊಂದು ಗುಳಿಯ ತಳದಲ್ಲಿ ಅನಾಥವಾಗಿ ಬಿದ್ದಿತ್ತು. ಬೋರ್ಡು ಕೀಳುವಾಗ ಇಬ್ಬರೂ ಅದನ್ನು ಮರೆತಿದ್ದರು. ಬೆಸುಗೆ ಕಡ್ಡಿಯನ್ನು ಪುಟ್ಟರಂಗಯ್ಯ ಅವಳ ಕೈಗೇ ಕೊಟ್ಟರು. ಬೆಸುಗೆ ಉಂಡೆಯಾಗಿ ನಿಂತಿತು, ಅಂದವಿರಲಿಲ್ಲ. ಗುಂಯ್ ಸದ್ದು ನಿಂತುಹೋಯಿತು. ಅವಳು ದಪ್ಪ ತಂತಿಯನ್ನು ಮೀಟಿದಾಗ ರಿಪೇರಿಗೆ ಬಂದಿದ್ದ ಮಿಕ್ಸಿ ಜಾರುಗಳು ಕಪಾಟಿನಲ್ಲಿ ನಡುಗಿದವು.

ಕುಣಿಗಲ್ಲಿನ ರಾಜ್ಯೋತ್ಸವದ ಸ್ಟೇಜಿಗೆ ಅವಳು ಎಲ್ಲರಿಗಿಂತ ಮೊದಲೇ ಹೋಗಿ ಸಿಕ್ಕಿಸಿಕೊಂಡು ನಿಂತಳು. ನಾಗಭೂಷಣ್ ಬಂದು ನೋಡಿ ಮುಖ ಸಪ್ಪಗೆ ಮಾಡಿದರು. ಚನ್ನೇಶನಿಗೆ ಆಗಲೇ ಹೇಳಾಗಿದೆ, ಈ ಮನೆ ರಿಪೇರಿಯನ್ನು ನಂಬಿ ಸಾವಿರ ಜನದ ಮುಂದೆ ಮರ್ಯಾದೆ ಕಳೆದುಕೊಳ್ಳಲಾರೆ ಎಂದರು.

"ಕೆಟ್ರೆ ನಾನೇ ಇಳಿದು ಹೋಗ್ತೀನಿ," ಅಂದಳು ಅವಳು. "ಕೆಡೋಕ್ ಮುಂಚೆ ಇಳಿಯಲ್ಲ."

ಹಾಡು ಶುರುವಾಯಿತು. ಮೊದಲ ಸಾಲಿಗೆ ಇಬ್ಬರೂ ಬೇಸ್ ನುಡಿಸಿದ್ದರಿಂದ ಸದ್ದು ಗೊಜ್ಜಾಯಿತು. ನಾಗಭೂಷಣ್ ಅವಳತ್ತ ನಿಲ್ಲಿಸುವಂತೆ ಕೈ ಮಾಡಿದರು. ಅವಳು ಅವರ ಕಣ್ಣಲ್ಲಿ ಕಣ್ಣಿಟ್ಟೇ ನುಡಿಸುತ್ತ ಹೋದಳು. ಆಗ ಚನ್ನೇಶ ಕೀಬೋರ್ಡಿನ ಮೇಲಿಂದ ಎಡಗೈ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಹಾಡು ನೆಲಕ್ಕೆ ಕಾಲೂರಿತು. ಅವನು ಆ ಕೈಯನ್ನು ಕಾರ್ಯಕ್ರಮ ಮುಗಿಯುವವರೆಗೂ ಬೇಸ್ ಸ್ವರಗಳ ಮೇಲೆ ಇಡಲೇ ಇಲ್ಲ.

ನಾಗಭೂಷಣ್ ಮುಂದಿನ ಕಾರ್ಯಕ್ರಮಕ್ಕೆ ಕರೆಯುವಾಗ ಫೋನಿನಲ್ಲಿ ಮತ್ತೆ ಕೋರಸ್ ಎಂದೇ ಹೇಳಿದರು. ಕೋರಸ್‌ಗೆ ಬೇರೆಯವರನ್ನು ನೋಡಿಕೊಳ್ಳಿ, ನಾನು ಬೇಸ್ ನುಡಿಸಲು ಬರುತ್ತಿದ್ದೇನೆ ಎಂದು ಹೇಳಿ ಅವಳು ಫೋನಿಟ್ಟಳು. ಬಂದಳು ಕೂಡ. ಅದಕ್ಕೂ ಮುಂದಿನ ಕಾರ್ಯಕ್ರಮಕ್ಕೆ ಅವರು ಕೋರಸ್ ಅನ್ನಲಿಲ್ಲ. ಬೇಸ್ ಅನ್ನಲೂ ಇಲ್ಲ. ವ್ಯಾನು ಇಷ್ಟು ಹೊತ್ತಿಗೆ ಹೊರಡುತ್ತೆ, ತಡ ಮಾಡಬೇಡಿ ಅಂದರು, ಅಷ್ಟೆ.